ಬಿಡಾರ

ಶಿವ್ಡಿಯಿಂದ ಫೋನು ಬಂದದ್ದು ಮಂಗಳವಾರ,
ಕುರ್ಲಾ ಸ್ಟೇಷನ್ನಿನಲ್ಲಿ ವಡಾಪಾವಿನ ಖಾರ ಒರೆಸಿಕೊಳ್ಳುತ್ತಿದ್ದೆ.
"ನಿಮ್ಮ ತಾಯಿಯ ಅವಧಿ ಮುಗಿದಿದೆ," ಅಂದ ಸ್ಮಶಾನದ ಗುಮಾಸ್ತ,
"ಶನಿವಾರದೊಳಗೆ ಜಾಗ ಖಾಲಿ ಮಾಡಿಕೊಡಿ."

ಈ ಮಾತು ನನಗೆ ಹೊಸದಲ್ಲ.
ಧಾರಾವಿ, ಆಂಟಾಪ್ ಹಿಲ್, ಚೆಂಬೂರು, ಮಾನ್‌ಖುರ್ದು,
ಹನ್ನೊಂದು ತಿಂಗಳಿಗೊಮ್ಮೆ ಮಾಲೀಕ ಬಾಗಿಲು ತಟ್ಟುವನು.
"ಬಂದ್ಯಾ ಯಪ್ಪಾ, ಚಾ ಕುಡದು ಹೋಗು," ಅನ್ನುವಳು ಅವ್ವ,
ಅಷ್ಟರಲ್ಲಿ ಅವಳ ಒಂದು ಕೈ
ಗೋಡೆಯ ಮೊಳೆ ಕೀಳುತ್ತಿರುತ್ತಿತ್ತು.

ಬೀದರಿನಿಂದ ತಂದ ಜ್ವಾಳದ ಚೀಲ,
ಬೀಸುವ ಕಲ್ಲಿನ ಮೇಲಿನ ಅರ್ಧ
(ಕೆಳಗಿನರ್ಧ ಯಾವ ಖೋಲಿಯಲ್ಲಿ ಉಳಿಯಿತೋ),
ಕುಂಟು ಸ್ಟೂಲು, ಟ್ರಂಕು, ಟ್ರಂಕಿನಲ್ಲಿ ಅಪ್ಪನ ಗಿರಣಿಯ ಪಾಸು,
ಎಲ್ಲದರ ಮೇಲೆ, ಮಡಿಲೇರಿದ ಕೂಸಿನಂತೆ, ಸತ್ಯವೇದ.
ಟೆಂಪೋದ ಹಿಂದೆ ಕನ್ನಡಿ ಹಿಡಿದು ನಾನು.
ಕನ್ನಡಿಯಲ್ಲಿ ತಂತಿಗಳು, ಒಂದು ತುಂಡು ಆಕಾಶ.

"ಬಿಡಾರ ಕಿತ್ತೀವಂತ ಅಳತಾರೇನೋ?
ಬಿಡಾರ ಇರೂದೇ ಕೀಳಲಿಕ್ಕ.
ತಂದಿ ಮನ್ಯಾಗ ನಮಗೊಂದು ಜಾಗಾ ಅದ.
ಸ್ವಾಮಿ ಮೊದಲs ಹೋಗಿ ಕಸಾ ಹೊಡದಾನ."
ಅಲ್ಲಿ ಡಿಪಾಜಿಟ್ ಎಷ್ಟು ಅಂತ ಕೇಳಿದ್ದೆ, ಒಂಬತ್ತು ವರ್ಷದವ.
"ಕಟ್ಯಾನ," ಅಂದಳು.
ರಸೀತಿ ಎಲ್ಲಿ ಅಂದೆ.
ಬೆನ್ನಿಗೊಂದು ಗುದ್ದು ಬಿತ್ತು.

ನನಗೆ ಭಯ ಹತ್ತಿದ್ದು ಅಪ್ಪ ಸತ್ತ ವರ್ಷ.
ಈಗಲೂ ನಡುರಾತ್ರಿ ಎದ್ದು ನಾಡಿ ಎಣಿಸುತ್ತೇನೆ,
ಎಪ್ಪತ್ತರ ಹತ್ತಿರ ತಪ್ಪಿ, ಮತ್ತೆ ಒಂದರಿಂದ.
ಎದುರು ಕಟ್ಟಡಕ್ಕೆ ಆಂಬ್ಯುಲೆನ್ಸ್ ಬಂದರೆ ಕಿಟಕಿ ಮುಚ್ಚುತ್ತೇನೆ.
ವಯಸ್ಸು ನಲವತ್ತೆಂಟು, ಸಭೆಯ ಖಜಾಂಚಿ.
ಈಸ್ಟರಿನ ನಸುಕಿನಲ್ಲಿ "ಎದ್ದಿದ್ದಾನೆ" ಅಂತ
ಎಲ್ಲರಿಗಿಂತ ಜೋರಾಗಿ ಕೂಗುವವನೂ ನಾನೇ,
ಕತ್ತಲ ಗಲ್ಲಿಯಲ್ಲಿ ಶಿಳ್ಳೆ ಹಾಕುವವನ ಹಾಗೆ.

ಅವ್ವ ಕೊನೆಯ ದಿನ ತನ್ನ ಚಾದರ ತೆಗೆದು
ಪಕ್ಕದ ಮಂಚದವಳಿಗೆ ಕೊಟ್ಟಳು.
"ನನಗಿನ್ಯಾಕ, ಹೊಂಟೀನಿ."
ಅಂಜಿಕೆ ಬರಲಿಲ್ಲೇನವ್ವಾ ಅಂದೆ.
"ಬಂದಿತ್ತು, ನಿನ್ನಿ ರಾತ್ರಿ. ಕುಂಡ್ರು ಅಂದೆ.
ಭಾಳ ಹೊತ್ತು ಕುಂತಿತ್ತು.
ಬೆಳಗಾಗೂದ್ರಾಗ ಎದ್ದು ಹ್ವಾದದೇನೋ, ನಾ ನೋಡಲಿಲ್ಲ."

ಶನಿವಾರ.
ಅಗೆಯುವವ ಪಾಸ್ಕು, ಗೋವೆಯವ, ಕಿವಿಯ ಸಂದಿಯಲ್ಲಿ ಬೀಡಿ.
ಮಣ್ಣಿಗೆ ಖಾಡಿಯ ಉಪ್ಪಿನ ವಾಸನೆ.
ಮೊದಲು ಬಂದದ್ದು ಕನ್ನಡಕದ ಫ್ರೇಮು,
ಆಮೇಲೆ ತೊಡೆಯೆಲುಬು, ಅದರೊಳಗಿನ ಸ್ಟೀಲಿನ ರಾಡು
ಇನ್ನೂ ಹೊಳೆಯುತ್ತಿತ್ತು
(ಇಪ್ಪತ್ತೆರಡು ಸಾವಿರ, ಮೂರು ಕಂತು).
ನೋಡಲಾರೆ ಅಂದುಕೊಂಡಿದ್ದೆ. ನೋಡಿದೆ.
ಪಾಸ್ಕು ಒಂದೊಂದೇ ಎತ್ತಿಕೊಟ್ಟ,
ನಾನು ಬಿಳಿ ಬಟ್ಟೆಯಲ್ಲಿ ಜೋಡಿಸಿದೆ,
ಭಾರದ್ದು ಕೆಳಗೆ, ಒಡೆಯುವಂಥದ್ದು ಮೇಲೆ.
ಈ ಕೆಲಸ ಕೈಗೆ ಗೊತ್ತಿತ್ತು.

ಗಂಟು ಬಿಗಿಯುವಾಗ ಬಾಯಿಂದ ತಾನೇ ಹೊರಬಿತ್ತು
ಪ್ರತಿ ಸಲ ಟೆಂಪೋ ಹೊರಡುವ ಮುಂಚಿನ ಮಾತು:
"ಅವ್ವಾ, ಏನೂ ಉಳೀಲಿಲ್ಲ ಹೌದಲ್ಲ?"
ಪಾಸ್ಕುಗೆ ಕನ್ನಡ ಬರುವುದಿಲ್ಲ.
ಆದರೂ ಬಗ್ಗಿ ಇನ್ನೊಮ್ಮೆ ಕುಣಿ ನೋಡಿ
ತಲೆಯಾಡಿಸಿದ.
ನನಗೆ ನಗು ಬಂತು, ಅಲ್ಲಿ, ಆ ಹೊತ್ತಿನಲ್ಲಿ,
ತಡೆಯಲಾಗದೆ ಕೂತುಬಿಟ್ಟೆ ಮಣ್ಣಿನ ಗುಡ್ಡೆಯ ಮೇಲೆ.

ಗೇಟಿನಲ್ಲಾಗಲೇ ಮುಂದಿನ ಬಾಡಿಗೆದಾರರು,
ಹೂವಿನ ಶಿಲುಬೆ ಹಿಡಿದ ಒಬ್ಬ ಹುಡುಗ
ಕಾಲು ಬದಲಿಸುತ್ತ ನಿಂತಿದ್ದ.
ಅವ್ವನನ್ನು ಗೋಡೆಯ ಗೂಡಿಗೆ ಸಾಗಿಸಿದೆ, ನಂಬರು ಆರುನೂರ ಹದಿನಾಲ್ಕು.
ಇದೂ ಬಿಡಾರವೇ. ಹೇಳಿಕೊಡಬೇಕಿಲ್ಲ ಅವಳಿಗೆ.

ಭಯ ಹೋಯಿತೆಂದು ಬರೆದರೆ ಸುಳ್ಳಾದೀತು.
ಆ ರಾತ್ರಿಯೂ ಬಂತು, ಎರಡೂವರೆಗೆ, ರೂಢಿಯ ಹಾಗೆ.
ನಾಡಿ ಬಿಟ್ಟು ದೀಪ ಹಾಕಿದೆ.
ಕುಂಡ್ರು ಅಂದೆ.
ಮನೆಯಲ್ಲಿರುವುದು ಅದೊಂದೇ ಸ್ಟೂಲು, ಕುಂಟು.
ಬಹಳ ಹೊತ್ತು ಕೂರಲಾಗಲಿಲ್ಲ ಅದಕ್ಕೆ.